ಮತಪೆಟ್ಟಿಗೆಗೂ ಮುಂಚಿನ ಬಾಗಿಲುಗಳು: ಕೆನ್ಯಾದ ಸಂಸತ್ತಿಗೆ, ಪಕ್ಷಗಳಿಗೆ, ಹಿರಿಯರ ಮಂಡಳಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಿಮ್ಮ ಮುಂದಿನ ಸಾರ್ವತ್ರಿಕ ಚುನಾವಣೆ 2027ರ ಆಗಸ್ಟ್ 10ರಂದು. ಯಾವುದೇ ಚುನಾಯಿತ ಸಂಸ್ಥೆಯಲ್ಲಿ ಗಂಡಸರಾಗಲಿ ಹೆಂಗಸರಾಗಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಇರಕೂಡದು ಎಂದು 2010ರ ಆಗಸ್ಟ್ 27ರಂದು ಜಾರಿಗೆ ಬಂದ ನಿಮ್ಮ ಸಂವಿಧಾನದ 27 ಮತ್ತು 81ನೇ ವಿಧಿಗಳು ಹೇಳುತ್ತವೆ. ಆಮೇಲೆ 2013, 2017, 2022ರಲ್ಲಿ ಮೂರು ಚುನಾವಣೆಗಳು ನಡೆದವು. ರಾಷ್ಟ್ರೀಯ ಅಸೆಂಬ್ಲಿಯಲ್ಲಾಗಲಿ ಸೆನೆಟ್‌ನಲ್ಲಾಗಲಿ ಒಂದು ಸಲವೂ ಈ ಲೆಕ್ಕ ಕೂಡಿಬರಲಿಲ್ಲ.

ಏಕೆ ಎಂದು ಕೇಳಿದಾಗಲೆಲ್ಲ ಬರುವ ಉತ್ತರ ಒಂದೇ: ನಮ್ಮ ಸಂಸ್ಕೃತಿ ಹಾಗಿದೆ, ಜನ ಇನ್ನೂ ಒಪ್ಪುವುದಿಲ್ಲ. ಈ ಉತ್ತರವನ್ನು ನಾವು ಒಪ್ಪುವುದಿಲ್ಲ. ಸಂಸ್ಕೃತಿಯ ಅಡ್ಡಿ ಇದೆ, ಬಲವಾಗಿಯೇ ಇದೆ. ಆದರೆ ಅದು ಮತದಾರನ ಕೈಯಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಮತಪೆಟ್ಟಿಗೆಗೂ ಮುಂಚೆ ಬರುವ ಬಾಗಿಲುಗಳಲ್ಲಿದೆ. ಹಿರಿಯರ ಸಭೆ, ಪಕ್ಷದ ಟಿಕೆಟ್, ಜಮೀನಿನ ಪತ್ರ, ಎಣಿಕೆಯ ರಾತ್ರಿ: ಪ್ರತಿ ಬಾಗಿಲಿಗೂ ಕಾಯುವವರಿದ್ದಾರೆ, ಅದು ತೆರೆಯುವ ಮುಚ್ಚುವ ದಿನವೂ ಗೊತ್ತಿದೆ. ಹಾಗಾಗಿ ಈ ಪತ್ರವನ್ನು ಜನರಿಗೆ ಬರೆಯದೆ ಆ ಬಾಗಿಲುಗಳಲ್ಲಿ ನಿಂತಿರುವ ನಿಮಗೆ ಬರೆಯುತ್ತಿದ್ದೇವೆ.

ಮೊದಲು ಲೆಕ್ಕ ನೋಡೋಣ. ಸ್ಪೀಕರ್ ಬಿಟ್ಟರೆ ರಾಷ್ಟ್ರೀಯ ಅಸೆಂಬ್ಲಿಯಲ್ಲಿ 349 ಸ್ಥಾನಗಳು: ಕ್ಷೇತ್ರಗಳಿಂದ 290, ಕೌಂಟಿಗೊಬ್ಬರಂತೆ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಮಹಿಳಾ ಪ್ರತಿನಿಧಿಗಳು 47, ಪಕ್ಷಗಳ ಪಟ್ಟಿಯಿಂದ ನಾಮಕರಣಗೊಂಡವರು 12. ನಿಯಮ ಪಾಲನೆಯಾಗಬೇಕಾದರೆ ಕನಿಷ್ಠ 117 ಹೆಂಗಸರು ಬೇಕು. 47 ಹೇಗೂ ಇದೆ. ನಾಮಕರಣದ ಪಟ್ಟಿಯಲ್ಲಿ ಗಂಡು ಹೆಣ್ಣು ಒಬ್ಬರಾದ ಮೇಲೊಬ್ಬರು ಬರುವುದರಿಂದ ಅಲ್ಲಿ ಸುಮಾರು 6. ಉಳಿದದ್ದು 64. ಅಂದರೆ 290 ಕ್ಷೇತ್ರಗಳಲ್ಲಿ 64 ಕಡೆ ಹೆಂಗಸರು ಗೆದ್ದರೆ ಸಂವಿಧಾನ ತಿದ್ದುವ ಗೊಡವೆಯೇ ಇಲ್ಲ. 2013ರಲ್ಲಿ ಕ್ಷೇತ್ರಗಳಿಂದ ಗೆದ್ದ ಹೆಂಗಸರು 16, 2017ರಲ್ಲಿ 23, 2022ರಲ್ಲಿ ಮೂವತ್ತರ ಆಸುಪಾಸು. ಸೆನೆಟ್‌ನಲ್ಲಿ 67 ಸ್ಥಾನ, ಬೇಕಾದದ್ದು 23 ಹೆಂಗಸರು. ಮೀಸಲು ಸ್ಥಾನಗಳಿಂದ 18 ಮಂದಿ ಬರುತ್ತಾರೆ, 2022ರಲ್ಲಿ ನೇರವಾಗಿ ಗೆದ್ದವರು 3. ಒಟ್ಟು 21. ಎರಡೇ ಎರಡು ಸ್ಥಾನಕ್ಕೆ ಒಂದು ಸದನ ಸಂವಿಧಾನದ ಹೊರಗೆ ನಿಂತಿದೆ.

ಜನ ಒಪ್ಪುವುದಿಲ್ಲ ಎಂಬ ಮಾತನ್ನು ಈ ಅಂಕಿಗಳ ಪಕ್ಕದಲ್ಲಿಟ್ಟು ನೋಡಿ. 1969ರಲ್ಲೇ ಕಿಸುಮುವಿನ ಜನ ಗ್ರೇಸ್ ಒನ್ಯಾಂಗೊ ಅವರನ್ನು ಸಂಸತ್ತಿಗೆ ಕಳಿಸಿದರು. ಪರಿಸರ ಹೋರಾಟಗಾರ್ತಿ ವಂಗಾರಿ ಮಾಥಾಯ್ 1982ರಲ್ಲಿ ಉಪಚುನಾವಣೆಗೆ ನಿಲ್ಲಲು ಹೊರಟಾಗ ಅವರ ಉಮೇದುವಾರಿಕೆಯೇ ಅನರ್ಹವಾಯಿತು, ಅದಕ್ಕಾಗಿ ಬಿಟ್ಟ ವಿಶ್ವವಿದ್ಯಾಲಯದ ಕೆಲಸವೂ ಮರಳಿ ಸಿಗಲಿಲ್ಲ. 1989ರಲ್ಲಿ ನೈರೋಬಿಯ ಉಹುರು ಪಾರ್ಕ್ ಉಳಿಸಲು ನಿಂತಾಗ ಆಫ್ರಿಕಾದ ಸಂಪ್ರದಾಯದಂತೆ ಗಂಡಸರಿಗೆ ಗೌರವ ಕೊಟ್ಟು ಸುಮ್ಮನಿರಬೇಕೆಂದು ಅಧ್ಯಕ್ಷರಿಂದಲೇ ಬುದ್ಧಿಮಾತು ಬಂತು. ಅದೇ ಮಹಿಳೆ 2002ರಲ್ಲಿ ತೇತು ಕ್ಷೇತ್ರದಲ್ಲಿ ಮತಪತ್ರದ ಮೇಲೆ ಬಂದಾಗ ಜನ ನೂರಕ್ಕೆ ತೊಂಬತ್ತೆಂಟು ಮತ ಕೊಟ್ಟರು. 2022ರಲ್ಲಿ ಏಳು ಕೌಂಟಿಗಳು ಹೆಂಗಸರನ್ನು ಗವರ್ನರ್, ಅಂದರೆ ಕೌಂಟಿಯ ಚುನಾಯಿತ ಮುಖ್ಯಸ್ಥೆ, ಮಾಡಿದವು. ನಕೂರು ಕೌಂಟಿ ಗವರ್ನರನ್ನೂ ಸೆನೆಟರನ್ನೂ ಹೆಂಗಸರನ್ನೇ ಆರಿಸಿತು. ಮತಪತ್ರದವರೆಗೆ ತಲುಪಿದ ಹೆಂಗಸರಿಗೆ ಮತ ಬೀಳುತ್ತದೆ. ಹೆಚ್ಚಿನವರು ಅಲ್ಲಿಗೆ ತಲುಪುವುದೇ ಇಲ್ಲ.

ಮೊದಲನೆಯ ಬಾಗಿಲು ಮದುವೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎಂಬ ಗಾದೆ ಕನ್ನಡದಲ್ಲೂ ಇದೆ, ಆದ್ದರಿಂದ ಈ ಪತ್ರ ಓದುವ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹುಟ್ಟೂರಿನಲ್ಲಿ ಚುನಾವಣೆಗೆ ನಿಂತರೆ, ನಿನ್ನನ್ನು ಆ ಊರಿಗೆ ಕೊಟ್ಟಾಗಿದೆ, ಹೋಗಿ ಅಲ್ಲಿ ಮತ ಕೇಳು ಎನ್ನುತ್ತಾರೆ. ಗಂಡನ ಊರಿನಲ್ಲಿ ನಿಂತರೆ ಹೊರಗಿನಿಂದ ಬಂದವಳು. ಗಂಡ ಬೇರೆ ಸಮುದಾಯದವನಾದರೆ ಎರಡೂ ಕಡೆ ಅಡ್ಡಿ ದುಪ್ಪಟ್ಟು. 2017ರಲ್ಲಿ ಬೊಮೆಟ್ ಗವರ್ನರ್ ಸ್ಥಾನಕ್ಕೆ ನಿಂತ ಜಾಯ್ಸ್ ಲಬೋಸೊ ಕಿಪ್ಸಿಗಿಸ್ ಮನೆಮಗಳು, ಗಂಡ ಲುವೊ ಸಮುದಾಯದವರು. ಎದುರಾಳಿಗಳು ಪ್ರಚಾರದುದ್ದಕ್ಕೂ ಹಿಡಿದದ್ದು ಇದೇ ಮಾತನ್ನು. ಅವರು ಗೆದ್ದರು. ಮಚಾಕೋಸ್‌ನಲ್ಲಿ ವವಿನ್ಯಾ ನ್ದೆತಿ ಅವರ ಗಂಡ ನೈಜೀರಿಯಾದವರೆಂಬುದು ಸಾಲು ಸಾಲು ಚುನಾವಣೆಗಳಲ್ಲಿ ವಿಷಯವಾಯಿತು. 2022ರಲ್ಲಿ ಅವರೂ ಗೆದ್ದರು. ಮದುವೆಯಾಗದಿದ್ದರೆ, ಮನೆ ನಡೆಸದವಳು ಕೌಂಟಿ ಹೇಗೆ ನಡೆಸುತ್ತಾಳೆ ಎಂಬ ಪ್ರಶ್ನೆ. ಬಿಟ್ಟುಬಂದವಳಾದರೆ ಕೇಳುವುದೇ ಬೇಡ. ಹೆಂಡತಿ ಯಾವ ಊರಿನವಳು ಎಂಬ ಪ್ರಶ್ನೆಗೆ ಯಾವ ಗಂಡಸು ಅಭ್ಯರ್ಥಿಯೂ ತನ್ನ ಅರ್ಹತೆಯನ್ನು ಒತ್ತೆಯಿಡಬೇಕಾಗಿಲ್ಲ.

ಕಾನೂನಿನಲ್ಲಿ ಇದಕ್ಕೆ ಯಾವ ಆಧಾರವೂ ಇಲ್ಲ. ಆದರೆ ಟಿಕೆಟ್ ಹಂಚುವವರು ಇದನ್ನು ಕಾನೂನಿನಷ್ಟೇ ಗಟ್ಟಿಯಾಗಿ ಬಳಸುತ್ತಾರೆ. ಈ ಆಕ್ಷೇಪವನ್ನು ಟಿಕೆಟ್ ಪರಿಶೀಲನೆಯಲ್ಲಿ ಎತ್ತಕೂಡದು, ಎತ್ತಿದರೆ ಅದೇ ಮೇಲ್ಮನವಿಗೆ ಕಾರಣವಾಗುತ್ತದೆ ಎಂದು ಪಕ್ಷಗಳು ತಮ್ಮ ನಾಮನಿರ್ದೇಶನ ನಿಯಮದಲ್ಲಿ ಒಂದು ಸಾಲು ಬರೆಯಬಹುದು. ಅದಕ್ಕೆ ಸಂಸತ್ತು ಬೇಡ, ಪಕ್ಷದ ಕಾರ್ಯಕಾರಿಣಿಯ ಒಂದು ಸಭೆ ಸಾಕು.

ಎರಡನೆಯ ಬಾಗಿಲು ಹಿರಿಯರ ಮಂಡಳಿ. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಸಂಸ್ಕೃತಿ ಎಂಬ ದೊಡ್ಡ ಮಾತು ಕಣ್ಣಿಗೆ ಕಾಣುವಂತೆ ಕೆಲಸ ಮಾಡುವುದು ಇಲ್ಲಿಯೇ. ಮಂಡೇರಾ, ವಜೀರ್, ಗಾರಿಸಾ ಕೌಂಟಿಗಳಲ್ಲಿ ಚುನಾವಣೆಗೆ ಬಹಳ ಮುಂಚೆಯೇ ಕುಲದ ಹಿರಿಯರು ಕೂಡುತ್ತಾರೆ. ಗವರ್ನರ್, ಉಪಗವರ್ನರ್, ಸೆನೆಟರ್, ಕ್ಷೇತ್ರಗಳ ಸದಸ್ಯರು, ಮಹಿಳಾ ಪ್ರತಿನಿಧಿ, ಕೌಂಟಿ ಅಸೆಂಬ್ಲಿಯ ಸ್ಪೀಕರ್, ಹೀಗೆ ಸ್ಥಾನಗಳ ಪಟ್ಟಿ ಮಾಡುತ್ತಾರೆ. ಕಳೆದ ಸಲ ಯಾವ ಉಪಕುಲಕ್ಕೆ ಯಾವುದು ಸಿಕ್ಕಿತ್ತು ಎಂದು ನೋಡಿ ಈ ಸಲದ ಪಾಲು ಹಂಚುತ್ತಾರೆ. ಆಮೇಲೆ ಆಯಾ ಉಪಕುಲ ತನ್ನ ಅಭ್ಯರ್ಥಿಯನ್ನು ಗೊತ್ತುಮಾಡುತ್ತದೆ, ಉಳಿದ ಆಕಾಂಕ್ಷಿಗಳು ಹಿಂದೆ ಸರಿಯುವುದಾಗಿ ಪ್ರಮಾಣ ಮಾಡುತ್ತಾರೆ, ನೈರೋಬಿಯಲ್ಲಿರುವ ವ್ಯಾಪಾರಿಗಳವರೆಗೆ ಕುಲದವರೆಲ್ಲರಿಂದ ಚಂದಾ ಎತ್ತುತ್ತಾರೆ. ಮತದಾನದ ದಿನ ಬರುವಷ್ಟರಲ್ಲಿ ನಿಜವಾದ ಆಯ್ಕೆ ಮುಗಿದಿರುತ್ತದೆ.

ಈ ಪದ್ಧತಿಗೆ ಒಂದು ಒಳ್ಳೆಯ ಕಾರಣವೂ ಇದೆ. ಕುಲಕುಲಗಳ ನಡುವೆ ರಕ್ತ ಹರಿದ ಸೀಮೆ ಅದು; ಸ್ಥಾನಗಳನ್ನು ಮೊದಲೇ ಹಂಚಿಕೊಂಡರೆ ಹೊಡೆದಾಟ ತಪ್ಪುತ್ತದೆ. ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಆ ಶಾಂತಿಯ ಬೇರು ಎಲ್ಲಿದೆ ಎಂಬುದನ್ನು ಹಿರಿಯರು ಮರೆಯಬಾರದು. 1990ರ ದಶಕದ ಮೊದಲಲ್ಲಿ ವಜೀರ್ ಹೊತ್ತಿ ಉರಿಯುತ್ತಿದ್ದಾಗ, ಮೊದಲು ಮಾರುಕಟ್ಟೆಯಲ್ಲಿ ಎಲ್ಲ ಕುಲದವರೂ ಅಂಜಿಕೆಯಿಲ್ಲದೆ ಕೊಳ್ಳುವ ಮಾರುವ ಹಾಗಾಗಬೇಕೆಂದು ಎದ್ದು ನಿಂತವರು ಹೆಂಗಸರು. ದೆಖಾ ಇಬ್ರಾಹಿಂ ಅಬ್ದಿ ಮತ್ತು ಅವರ ಜೊತೆಗಾರ್ತಿಯರು ಹಿರಿಯರನ್ನು ಒಂದೆಡೆ ಕೂರಿಸಿದ ಮೇಲೆಯೇ 1993ರ ಅಲ್ ಫತಾ ಘೋಷಣೆ ಎಂಬ ಶಾಂತಿ ಒಪ್ಪಂದ ಬಂದದ್ದು. ಶಾಂತಿ ಕಟ್ಟಲು ಮುಂದೆ ನಿಂತವರಿಗೆ ಆ ಶಾಂತಿಯ ಹೆಸರಿನಲ್ಲಿ ಸ್ಥಾನ ಹಂಚುವ ಸಭೆಯಲ್ಲಿ ಕೂರಲು ಜಾಗವಿಲ್ಲ. ಇದು ನ್ಯಾಯವಲ್ಲ.

ಹಂಚಿಕೆಯಲ್ಲಿ ಹೆಣ್ಣು ಬಿದ್ದುಹೋಗುವ ಬಗೆಯೂ ಸ್ಪಷ್ಟವಾಗಿದೆ. ಹಿರಿಯರ ಲೆಕ್ಕದಲ್ಲಿ ಸ್ಥಾನ ಉಪಕುಲದ ಆಸ್ತಿ. ಬೇರೆ ಉಪಕುಲಕ್ಕೆ ಕೊಟ್ಟ ಹೆಣ್ಣನ್ನು ನಿಲ್ಲಿಸಿದರೆ ನಮ್ಮ ಪಾಲು ಅವಳ ಗಂಡನ ಕಡೆಗೆ ಹೋಯಿತು ಎಂಬ ಭಯ. ಹಾಗಾಗಿ ಅವಳಿಗೆ ಉಳಿಯುವುದು ಮಹಿಳಾ ಪ್ರತಿನಿಧಿ ಸ್ಥಾನ ಮಾತ್ರ. ಅದನ್ನೂ ದೊಡ್ಡ ಸ್ಥಾನ ಸಿಗದ ಉಪಕುಲವನ್ನು ಸಮಾಧಾನ ಮಾಡಲು ಕೊಡುತ್ತಾರೆ. 2017ರಲ್ಲಿ ಇಜಾರಾ ಕ್ಷೇತ್ರದಿಂದ ಸೋಫಿಯಾ ಅಬ್ದಿ ನೂರ್ ಗೆಲ್ಲುವವರೆಗೆ ಆ ಇಡೀ ಈಶಾನ್ಯ ಸೀಮೆಯ ಒಂದು ಕ್ಷೇತ್ರವೂ ಹೆಂಗಸನ್ನು ಆರಿಸಿರಲಿಲ್ಲ. ದಕ್ಷಿಣದ ಕಜಿಯಾಡೊದಲ್ಲಿ ಪೆರಿಸ್ ಟೊಬಿಕೊ 2013ರಲ್ಲಿ ನಿಂತಾಗ ಮಾಸಾಯಿ ಹಿರಿಯರ ಒಂದು ಗುಂಪು ಶಾಪ ಹಾಕಿತು. ಮತದಾರರು ಅವರನ್ನು ಗೆಲ್ಲಿಸಿ ಮೊದಲ ಮಾಸಾಯಿ ಸಂಸದೆಯನ್ನಾಗಿ ಮಾಡಿದರು. ಶಾಪಕ್ಕೆ ಅಂಜಿ ಹಿಂದೆ ಸರಿದವರ ಲೆಕ್ಕ ಯಾವ ಆಯೋಗದ ಬಳಿಯೂ ಇಲ್ಲ.

ಹಿರಿಯರೇ, ಕಟ್ಟಳೆ ಬದಲಾಗುವುದಿಲ್ಲ ಎನ್ನಬೇಡಿ. ಕಟ್ಟಳೆ ಬದಲಿಸುವ ಅಧಿಕಾರ ನಿಮಗೇ ಇದೆ, ನಿಮ್ಮಂಥವರು ಅದನ್ನು ಬಳಸಿಯೂ ಇದ್ದಾರೆ. ದಕ್ಷಿಣ ಆಫ್ರಿಕಾದ ಲಿಂಪೊಪೊ ಸೀಮೆಯ ವಲೋಯಿ ಸಮುದಾಯದಲ್ಲಿ 1968ರಲ್ಲಿ ಮುಖ್ಯಸ್ಥರು ತೀರಿಕೊಂಡಾಗ ಗಂಡು ಮಕ್ಕಳಿರಲಿಲ್ಲ. ಹಿರಿಯ ಮಗಳನ್ನು ಬಿಟ್ಟು ಪಟ್ಟ ಮುಖ್ಯಸ್ಥರ ತಮ್ಮನಿಗೆ ಹೋಯಿತು. ಸುಮಾರು ಮೂವತ್ತು ವರ್ಷದ ಮೇಲೆ ಸಮುದಾಯದ ಮನೆತನದ ಸಭೆಯೇ ಕೂಡಿ, ಹೊಸ ಸಂವಿಧಾನದಲ್ಲಿ ಗಂಡು ಹೆಣ್ಣು ಸಮಾನರು, ಪಟ್ಟ ಆ ಮಗಳಿಗೆ ಸೇರಬೇಕು ಎಂದು ತೀರ್ಮಾನಿಸಿತು. ತಮ್ಮನ ಮಗ ಕೋರ್ಟಿಗೆ ಹೋದ. ಕೆಳಗಿನ ಎರಡು ನ್ಯಾಯಾಲಯಗಳು, ಹಳೆಯ ಕಟ್ಟಳೆಯೇ ಕಟ್ಟಳೆ ಎಂದು ಅವನ ಪರ ನಿಂತವು. 2008ರ ಜೂನ್‌ನಲ್ಲಿ ಸಾಂವಿಧಾನಿಕ ನ್ಯಾಯಾಲಯ ಅದನ್ನು ತಿರುಗಿಸಿತು: ಕಟ್ಟಳೆಯನ್ನು ಕಾಲಕ್ಕೆ ತಕ್ಕಂತೆ ಬೆಳೆಸುವ ಹಕ್ಕು ಸಮುದಾಯದ ಹಿರಿಯರಿಗೇ ಇದೆ, ಅವರು ಬೆಳೆಸಿದ್ದಾರೆ, ಅದು ಊರ್ಜಿತ. ಬೋಟ್ಸ್ವಾನಾದ ಬಾಲೆಟೆ ಸಮುದಾಯ ಮೊಸಾದಿ ಸೆಬೊಕೊ ಅವರನ್ನು ಮುಖ್ಯಸ್ಥೆಯನ್ನಾಗಿ ಒಪ್ಪಿದ್ದೂ ಆ ಹೊತ್ತಿಗಾಗಲೇ ಆಗಿಹೋಗಿತ್ತು. ಅಷ್ಟು ದೂರ ಏಕೆ, ನಿಮ್ಮದೇ ನರೋಕ್ ಕೌಂಟಿಯ ಓಲ್ ಪೊಸಿಮೊರುವಿನಲ್ಲಿ ಹಿರಿಯರಿಗೆ ಹೊಸ ಸಂವಿಧಾನದ ತರಬೇತಿ ನಡೆದ ಮೇಲೆ ಹೆಂಗಸರನ್ನೂ ಹಿರಿಯರನ್ನಾಗಿ ಆರಿಸಿದ್ದಾರೆ.

ಆದ್ದರಿಂದ ನಿಮ್ಮಲ್ಲಿ ಕೇಳುವುದು ಇಷ್ಟು. ಸ್ಥಾನ ಹಂಚುವ ಸಮಿತಿಯಲ್ಲಿ ಮೂರನೇ ಒಂದು ಪಾಲು ಹೆಂಗಸರಿರಲಿ, ಮಾತಾಡಲು ಮಾತ್ರವಲ್ಲ, ತೀರ್ಮಾನದಲ್ಲಿ ಲೆಕ್ಕಕ್ಕೆ ಬರುವಂತೆ. ಮದುವೆಯಾದ ಹೆಣ್ಣು ತವರಿನ ಪಾಲಿಗೆ ಸೇರಿದವಳೋ ಗಂಡನ ಪಾಲಿಗೆ ಸೇರಿದವಳೋ ಎಂಬುದನ್ನು ಅವಳೇ ಆರಿಸಿಕೊಳ್ಳಲಿ, ಒಮ್ಮೆ ಆರಿಸಿದ ಮೇಲೆ ಯಾರೂ ಪ್ರಶ್ನಿಸದಿರಲಿ. ಸರದಿಯ ಲೆಕ್ಕದಲ್ಲಿ ಉಪಕುಲಗಳ ಜೊತೆಗೆ ಹೆಂಗಸರ ಸರದಿಯೂ ಸೇರಲಿ. ಮೂರು ಚುನಾವಣೆಗೊಮ್ಮೆಯಾದರೂ ಒಂದು ಕ್ಷೇತ್ರ ಹೆಂಗಸಿಗೆ ಬರಲಿ. ಇವೆಲ್ಲ ಕಾಗದದ ಮೇಲಿರಲಿ, ಬಾಯಿಮಾತು ಸಾಲದು. ಸಭೆಯಲ್ಲಿ ಒಪ್ಪಿದ್ದನ್ನು ನಾಮಪತ್ರದ ಹಿಂದಿನ ದಿನ ಬದಲಿಸಿದರೆ ಕೇಳುವವರಿರುವುದಿಲ್ಲ.

ಮೂರನೆಯದು ದುಡ್ಡು. ಸಂಸ್ಕೃತಿ ದುಡ್ಡಿನ ರೂಪದಲ್ಲಿ ಬರುವುದು ಜಮೀನಿನ ಮೂಲಕ. 2013ರಿಂದ 2017ರ ನಡುವೆ ಕೊಟ್ಟ ಹಕ್ಕುಪತ್ರಗಳನ್ನು ನೋಡಿದಾಗ ಹೆಂಗಸರ ಹೆಸರಿಗೆ ಬಂದದ್ದು ನೂರರಲ್ಲಿ ಸುಮಾರು ಹತ್ತು, ವಿಸ್ತೀರ್ಣದಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ. 2013ರ ವೈವಾಹಿಕ ಆಸ್ತಿ ಕಾಯ್ದೆ ಪ್ರಕಾರ ಬೇರೆಯಾಗುವಾಗ ಆಸ್ತಿಯ ಪಾಲು ಕೊಡುಗೆಯನ್ನು ನೋಡಿ ನಿರ್ಧಾರವಾಗುತ್ತದೆ. ಅರ್ಧ ಪಾಲು ತಾನಾಗಿ ಬರುವುದಿಲ್ಲ ಎಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಖಚಿತಪಡಿಸಿತು. ಮನೆಗೆಲಸ, ಮಕ್ಕಳ ಪಾಲನೆಯೂ ಕೊಡುಗೆಯೇ ಎಂದು ಕಾನೂನು ಒಪ್ಪುತ್ತದೆ, ಆದರೆ ಅದನ್ನು ಸಾಬೀತು ಮಾಡುವ ಹೊರೆ ಅವಳದು. ಚುನಾವಣೆಗೆ ಸಾಲ ಬೇಕಾದಾಗ ಗಂಡಸು ಜಮೀನಿನ ಪತ್ರ ಒತ್ತೆಯಿಡುತ್ತಾನೆ. ಹೆಂಗಸು ಗಂಡನನ್ನೋ ಅಣ್ಣನನ್ನೋ ಕೇಳಬೇಕು. ಅವರು ಒಪ್ಪಿದರೆ ಅಭ್ಯರ್ಥಿ, ಒಪ್ಪದಿದ್ದರೆ ಅಲ್ಲಿಗೇ ಮುಗಿಯಿತು.

ಸಾಲ ಎಲ್ಲಿಗೆ ಹೋಗುತ್ತದೆ ಎಂದು ಗೊತ್ತಿಲ್ಲದವರು, ಚುನಾವಣಾ ಆಯೋಗ ಹೆಂಗಸರಿಗೆ ಶುಲ್ಕವನ್ನು ಅರ್ಧ ಮಾಡಿದೆಯಲ್ಲ ಎನ್ನುತ್ತಾರೆ. ಆ ಶುಲ್ಕ ಖರ್ಚಿನಲ್ಲಿ ತೀರಾ ಸಣ್ಣದು. ಪಕ್ಷದ ಟಿಕೆಟ್ ಶುಲ್ಕ ಅದರ ಎಷ್ಟೋ ಪಟ್ಟು. ಆಮೇಲೆ ಹರಂಬೆ: ಶಾಲೆ, ಚರ್ಚು, ಆಸ್ಪತ್ರೆ ಬಿಲ್ಲು, ಸಾವಿನ ಖರ್ಚು, ಎಲ್ಲಕ್ಕೂ ಜನ ಸೇರಿಸಿ ಎತ್ತುವ ಚಂದಾದಲ್ಲಿ ಆಕಾಂಕ್ಷಿಯ ಹೆಸರು ಮೇಲೆ ಇರಬೇಕು, ಅದೂ ವರ್ಷಗಳ ಮುಂಚಿನಿಂದ. ಬೋಡಬೋಡ (ಬಾಡಿಗೆ ಬೈಕ್) ಓಡಿಸುವ ಹುಡುಗರಿಗೆ ಪೆಟ್ರೋಲ್. ರಾತ್ರಿ ಸಭೆಗಳು. ಈ ರಾತ್ರಿ ಸಭೆಗಳಲ್ಲಿಯೇ ಬಹಳಷ್ಟು ಕುದುರುವುದು. ಗಂಡಸು ಹೋದರೆ ಕೆಲಸಗಾರ, ಹೆಂಗಸು ಹೋದರೆ ನಡತೆಗೆಟ್ಟವಳು. ಹೋಗದಿದ್ದರೆ ಒಪ್ಪಂದದಲ್ಲಿ ಅವಳಿಲ್ಲ.

ಎಣಿಕೆಯ ರಾತ್ರಿಯನ್ನು ಹತ್ತಿರದಿಂದ ನೋಡಿ. 2022ರಲ್ಲಿ ದೇಶದಲ್ಲಿ 46,229 ಮತಗಟ್ಟೆಗಳಿದ್ದವು, ಕ್ಷೇತ್ರಕ್ಕೆ ಸರಾಸರಿ 159. ಪ್ರತಿ ಗಟ್ಟೆಗೂ ಬೆಳಗ್ಗೆ 6ಕ್ಕೆ ಮುಂಚೆಯೇ ಒಬ್ಬ ಏಜೆಂಟ್ ಇರಬೇಕು. ಸಂಜೆ 5ಕ್ಕೆ ಮತದಾನ ಮುಗಿದ ಮೇಲೆ ಆರು ಚುನಾವಣೆಗಳ ಮತವನ್ನು ಅದೇ ಕೋಣೆಯಲ್ಲಿ ಎಣಿಸುತ್ತಾರೆ, ಅಧ್ಯಕ್ಷರದು ಮೊದಲು. ಸಂಸತ್ ಸದಸ್ಯರ ಫಲಿತಾಂಶ ಬರೆಯುವ ನಮೂನೆ 35ಎ ತುಂಬುವ ಹೊತ್ತಿಗೆ ನಡುರಾತ್ರಿ ದಾಟಿರುತ್ತದೆ. ಏಜೆಂಟ್ ಆ ನಮೂನೆಗೆ ಸಹಿ ಹಾಕಿ ಒಂದು ಪ್ರತಿ ಪಡೆಯಬೇಕು. ಅಷ್ಟು ಹೊತ್ತಿನವರೆಗೆ ಊಟ, ಫೋನ್ ರೀಚಾರ್ಜ್, ಮನೆಗೆ ಹೋಗಲು ವಾಹನ ಕೊಡದ ಅಭ್ಯರ್ಥಿಯ ಏಜೆಂಟ್ ಕಾಯುವುದಿಲ್ಲ, ಅಥವಾ ಎದುರಾಳಿ ಕಡೆಯವರು ಕೊಟ್ಟ ಊಟ ಉಂಡು ಅವರ ಪಕ್ಕ ಕೂರುತ್ತಾನೆ. ಹೆಂಗಸರು ಅಭ್ಯರ್ಥಿಯಾದ ಕಡೆ ಏಜೆಂಟರಲ್ಲಿ ಸ್ವಸಹಾಯ ಗುಂಪಿನ ಹೆಂಗಸರೂ ಇರುತ್ತಾರೆ. ಕತ್ತಲಾದ ಮೇಲೆ ಮನೆಯಿಂದ ಕರೆ ಬರುತ್ತದೆ, ಎದ್ದು ಹೋಗುತ್ತಾರೆ. 35ಎ ಪ್ರತಿಗಳು ಕೈಯಲ್ಲಿಲ್ಲದಿದ್ದರೆ ತಕರಾರು ಅರ್ಜಿ ನಿಲ್ಲುವುದಿಲ್ಲ. ಅರ್ಜಿ ಹಾಕಲು ಫಲಿತಾಂಶ ಘೋಷಣೆಯಾದ ಮೇಲೆ 28 ದಿನ ಮಾತ್ರ, ಮೇಲೆ 5 ಲಕ್ಷ ಶಿಲಿಂಗ್ ಠೇವಣಿ. ಹೆಂಗಸು ಸೋತಳು ಎಂದು ಪತ್ರಿಕೆಯಲ್ಲಿ ಬರುವ ಒಂದು ಸಾಲಿನ ಹಿಂದೆ ಇಷ್ಟೆಲ್ಲ ಇರುತ್ತದೆ.

ರಾಜಕೀಯ ಪಕ್ಷಗಳ ಕಾಯ್ದೆ ಪ್ರಕಾರ ಸರ್ಕಾರದಿಂದ ಪಕ್ಷಕ್ಕೆ ಬರುವ ನಿಧಿಯಲ್ಲಿ ಕನಿಷ್ಠ ಶೇ. 30ನ್ನು ಹೆಂಗಸರು, ಯುವಕರು, ಅಂಗವಿಕಲರು ಮುಂತಾದವರ ಪ್ರಾತಿನಿಧ್ಯ ಬೆಳೆಸಲು ಖರ್ಚು ಮಾಡಬೇಕು. ಈ ಹಣ ಸಾಮಾನ್ಯವಾಗಿ ಹೋಟೆಲ್ ಕೋಣೆಯ ತರಬೇತಿಗಳಲ್ಲಿ ಕರಗುತ್ತದೆ. ಭಾಷಣ ಮಾಡುವುದು ಹೇಗೆಂಬ ತರಬೇತಿ ಅವರಿಗೆ ಬೇಕಾಗಿಲ್ಲ. ಅದೇ ಹಣದಲ್ಲಿ ಹೆಂಗಸರು ಅಭ್ಯರ್ಥಿಯಾದ ಕ್ಷೇತ್ರಗಳ ಏಜೆಂಟರಿಗೆ ಆ ಒಂದು ದಿನದ ಊಟ, ವಾಹನ, ಫೋನ್ ಖರ್ಚು ಕೊಡಿ, 35ಎ ಪ್ರತಿ ತಂದು ಒಪ್ಪಿಸಿದ ಮೇಲೆ ಕೂಲಿ ಕೊಡಿ. ಲೆಕ್ಕ ಪರಿಶೋಧಕರು ಎಣಿಸಿ ನೋಡಬಹುದಾದ ಖರ್ಚು ಇದು.

ನಾಲ್ಕನೆಯ ಬಾಗಿಲು ಪಕ್ಷದ ಟಿಕೆಟ್. ಪಕ್ಷದ ಒಳಚುನಾವಣೆ ಎಲ್ಲೆಲ್ಲಿ ಬಹಿರಂಗವಾಗಿ ನಡೆಯುತ್ತದೋ ಅಲ್ಲಿ ಹೊಡೆದಾಟ. 2017ರ ಒಳಚುನಾವಣೆಯ ವೇಳೆ ಸಂಸದೆ ಮಿಲ್ಲಿ ಒಡಿಯಾಂಬೊ ಅವರ ಮನೆಗೆ ಬೆಂಕಿ ಬಿತ್ತು. ಹೊಡೆದಾಟ ಬೇಡವೆಂದು ಒಮ್ಮತದ ಆಯ್ಕೆಗೆ ಹೋದರೆ ಅದು ಮುಚ್ಚಿದ ಕೋಣೆಯ ಮಾತು; ನೀನು ಈ ಸಲ ಬಿಟ್ಟುಕೊಡು, ನಿನ್ನನ್ನು ನಾಮಕರಣ ಮಾಡುತ್ತೇವೆ ಎಂದು ಒಪ್ಪಿಸುವುದು ಯಾವಾಗಲೂ ಹೆಂಗಸನ್ನೇ.

ಇಲ್ಲಿಗೆ ಬಂದಾಗ ಮೀಸಲು ಸ್ಥಾನಗಳ ಬಗ್ಗೆ ಖಾರವಾದ ಒಂದು ಮಾತು ಹೇಳಲೇಬೇಕು. 47 ಮಹಿಳಾ ಪ್ರತಿನಿಧಿ ಸ್ಥಾನಗಳು ಮೆಟ್ಟಿಲಾಗಲೆಂದು ಇಟ್ಟದ್ದು. ನೀವು ಅವನ್ನು ದೊಡ್ಡಿ ಮಾಡಿದ್ದೀರಿ. ಕ್ಷೇತ್ರದ ಟಿಕೆಟ್ ಕೇಳಿದ ಹೆಂಗಸಿಗೆ, ನಿಮ್ಮ ಸ್ಥಾನ ಅಲ್ಲಿದೆಯಲ್ಲ, ಇಲ್ಲೇಕೆ ಬಂದೆ ಎನ್ನುತ್ತೀರಿ. ನೈರೋಬಿಯ ಮಹಿಳಾ ಪ್ರತಿನಿಧಿ 17 ಕ್ಷೇತ್ರಗಳಲ್ಲಿ ಮತ ಕೇಳಬೇಕು, ಅದರಲ್ಲಿ ಒಂದು ಕ್ಷೇತ್ರದ ಸದಸ್ಯನ ಹಿಂದೆ ಇರುವಷ್ಟು ಅಭಿವೃದ್ಧಿ ನಿಧಿಯೂ ಅವಳ ಹಿಂದೆ ಇಲ್ಲ. ಕೌಂಟಿ ಅಸೆಂಬ್ಲಿಗಳಲ್ಲಿ ಇನ್ನೂ ಕಷ್ಟ. ದೇಶದ 1,450 ವಾರ್ಡ್‌ಗಳಲ್ಲಿ ಹೆಂಗಸರು ಗೆಲ್ಲುವುದು ಹತ್ತರಲ್ಲಿ ಒಂದಕ್ಕಿಂತ ಕಡಿಮೆ. ಕೊರತೆ ಎಷ್ಟೋ ಅಷ್ಟನ್ನು 177ನೇ ವಿಧಿಯಂತೆ ಚುನಾವಣೆ ಮುಗಿದ ಮೇಲೆ ಪಟ್ಟಿಯಿಂದ ತುಂಬುತ್ತಾರೆ. ಹಾಗೆ ಬಂದವಳಿಗೆ ವಾರ್ಡ್ ಇಲ್ಲ, ಮತದಾರರಿಲ್ಲ, ಮುಂದಿನ ಸಲ ನಿಲ್ಲಲು ನೆಲೆಯಿಲ್ಲ. ಮೊಬೈಲ್ ಕಂಪನಿ ಬಿಟ್ಟಿ ಕೊಡುವ ಬೋಂಗಾ ಪಾಯಿಂಟ್ ಎಂದು ಸಹಸದಸ್ಯರೇ ಅವಳನ್ನು ಹಂಗಿಸುತ್ತಾರೆ. ಪಟ್ಟಿಯನ್ನು ಪಕ್ಷದ ಮುಖ್ಯಸ್ಥರು ಗುಟ್ಟಾಗಿ ಬರೆಯುವುದರಿಂದ ಆ ಕೌಂಟಿಯಲ್ಲಿ ವಾಸವೇ ಇಲ್ಲದವರು, ಮುಖಂಡರ ಬಂಧುಗಳು ಅದರಲ್ಲಿ ತೂರಿಕೊಳ್ಳುತ್ತಾರೆ, ವರ್ಷಾನುಗಟ್ಟಲೆ ಊರಲ್ಲಿ ದುಡಿದವಳು ಹೊರಗುಳಿಯುತ್ತಾಳೆ.

ಸಂಸತ್ತಿನ ದಾಖಲೆಯನ್ನು ನೆನಪಿಸುವುದು ಬೇಸರದ ಕೆಲಸ. ಹೆಂಗಸರ ಪ್ರಾತಿನಿಧ್ಯ ಹೆಚ್ಚಿಸಲು 1997ರಲ್ಲಿ ಸಂಸದೆ ಫೀಬಿ ಅಸಿಯೊ ತಂದ ಗೊತ್ತುವಳಿ ಬಿದ್ದುಹೋಯಿತು. 2012ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಮೂರರಲ್ಲಿ ಎರಡು ಪಾಲಿನ ನಿಯಮವನ್ನು ಹಂತಹಂತವಾಗಿ ಜಾರಿ ಮಾಡಿ, ಆದರೆ ಅದಕ್ಕೆ ಬೇಕಾದ ಕಾನೂನನ್ನು 2015ರ ಆಗಸ್ಟ್ 27ರೊಳಗೆ ಮುಗಿಸಿ ಎಂದಿತು. ಗಡುವು ಒಂದು ವರ್ಷ ಮುಂದಕ್ಕೆ ಹೋಯಿತು, ಅದೂ ದಾಟಿತು. 2019ರ ಫೆಬ್ರುವರಿ 27ರಂದು ತಿದ್ದುಪಡಿ ಮಸೂದೆಗೆ ಬೇಕಿದ್ದ ಮತ 233, ಬಿದ್ದದ್ದು 174. ಸದಸ್ಯರು ಸದನಕ್ಕೇ ಬರಲಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ಡೇವಿಡ್ ಮರಾಗಾ ಸಂಸತ್ತನ್ನೇ ವಿಸರ್ಜಿಸಬೇಕೆಂದು ಅಧ್ಯಕ್ಷರಿಗೆ ಸಲಹೆ ಕೊಟ್ಟರು, ಹೈಕೋರ್ಟ್ ತಡೆ ಕೊಟ್ಟಿತು, ಸಂಸತ್ತು ಅವಧಿ ಪೂರೈಸಿತು.

ಇಂಥ ಮಸೂದೆಗಳಲ್ಲಿ ಹೆಚ್ಚಿನವು ಹೊಸ ನಾಮಕರಣ ಸ್ಥಾನ ಸೇರಿಸಿ ಲೆಕ್ಕ ತುಂಬುವ ದಾರಿ ಹಿಡಿದವು. ಅದಕ್ಕೆ ಸಂವಿಧಾನ ತಿದ್ದಬೇಕು, 233 ಮತ ಬೇಕು, ಖರ್ಚು ಹೆಚ್ಚುತ್ತದೆಂದು ಜನರೂ ಗೊಣಗುತ್ತಾರೆ, ಗೆದ್ದರೂ ಸಿಗುವುದು ನೆಲೆಯಿಲ್ಲದ ಇನ್ನಷ್ಟು ಸದಸ್ಯೆಯರು. ನಮ್ಮ ಅಭಿಪ್ರಾಯದಲ್ಲಿ ಸರಿಯಾದ ದಾರಿ ಟಿಕೆಟ್‌ನಲ್ಲಿದೆ. ಪಕ್ಷಗಳ ನಾಮನಿರ್ದೇಶನಕ್ಕೂ ಈ ನಿಯಮ ಅನ್ವಯಿಸುತ್ತದೆ ಎಂದು 2017ರಲ್ಲಿ ಹೈಕೋರ್ಟ್ ಹೇಳಿದೆ. 2022ರಲ್ಲಿ ಆಯೋಗ ಅದನ್ನು ಜಾರಿ ಮಾಡಲು ಹೊರಟಿತು, ತಡೆ ಬಂತು, ಕೈಬಿಟ್ಟಿತು. ತಡವಾಗಿ, ಸುತ್ತೋಲೆಯ ಬಲದಲ್ಲಿ ಹೊರಟದ್ದೇ ತಪ್ಪಾಯಿತು. ಚುನಾವಣಾ ಕಾಯ್ದೆಗೆ ಸಾಮಾನ್ಯ ಬಹುಮತದಿಂದ ಒಂದು ಕಲಂ ಸೇರಿಸಿದರೆ ಸುತ್ತೋಲೆಗೆ ಇಲ್ಲದ ಬಲ ಅದಕ್ಕೆ ಇರುತ್ತದೆ.

ಆ ಕಲಂ ಹೇಗಿರಬೇಕು? ಮೂರನೇ ಒಂದು ಪಾಲು ಹೆಂಗಸರಿಗೆ ಟಿಕೆಟ್ ಎಂದಷ್ಟೇ ಬರೆದರೆ ಪಕ್ಷಗಳು ಸೋಲುವ ಕ್ಷೇತ್ರಗಳನ್ನೇ ಅವರಿಗೆ ಕೊಡುತ್ತವೆ. ಮೆಕ್ಸಿಕೊ ಇದಕ್ಕೆ ಕಂಡುಕೊಂಡ ಉಪಾಯ ಸರಳ. ಕಳೆದ ಚುನಾವಣೆಯಲ್ಲಿ ಪಕ್ಷಕ್ಕೆ ಬಿದ್ದ ಮತದ ಪ್ರಕಾರ ಕ್ಷೇತ್ರಗಳನ್ನು ಮೇಲಿನಿಂದ ಕೆಳಕ್ಕೆ ಜೋಡಿಸಿ ಮೂರು ಕಟ್ಟು ಮಾಡುವುದು, ಸೋಲುವ ಕಟ್ಟಿಗೆ ಹೆಂಗಸರನ್ನು ತಳ್ಳದಂತೆ ನೋಡಿಕೊಳ್ಳುವುದು. ನಿಮ್ಮ ಲೆಕ್ಕಕ್ಕೆ ಇಳಿಸಿದರೆ, 240 ಕಡೆ ಸ್ಪರ್ಧಿಸುವ ಪಕ್ಷಕ್ಕೆ 80ರಂತೆ ಮೂರು ಕಟ್ಟು, ಪ್ರತಿ ಕಟ್ಟಿನಲ್ಲೂ ಕನಿಷ್ಠ 27 ಹೆಂಗಸರು. ಹೊಸ ಪಕ್ಷಕ್ಕೂ ಮೈತ್ರಿಕೂಟಕ್ಕೂ ಹಿಂದಿನ ಮತ ಹೇಗೆ ಲೆಕ್ಕ ಹಾಕಬೇಕೆಂಬುದನ್ನು ಕಲಮಿನಲ್ಲೇ ಬರೆಯಬೇಕು, ಇಲ್ಲದಿದ್ದರೆ ಚುನಾವಣೆಗೆ ಮುಂಚೆ ಹೊಸ ಹೆಸರಿನ ಪಕ್ಷ ಕಟ್ಟಿ ನುಸುಳುತ್ತಾರೆ. ತಪ್ಪಿದರೆ ದಂಡ ಹಾಕುವುದು ಬೇಡ. ದೊಡ್ಡ ಪಕ್ಷ ದಂಡ ಕಟ್ಟಿ ಕೈತೊಳೆದುಕೊಳ್ಳುತ್ತದೆ. ಪಟ್ಟಿಯನ್ನು ಹಿಂದಕ್ಕೆ ಕಳಿಸಿ, ತಿದ್ದಿ ತರಲು ಇಂತಿಷ್ಟು ದಿನ ಎಂದು ಕೊಡಬೇಕು. ಯಾರಿಗೂ ವಿನಾಯಿತಿ ಇರಕೂಡದು. ಸೆನೆಗಲ್ 2010ರಲ್ಲಿ ಸಮಪಾಲಿನ ಕಾನೂನು ತಂದು 2012ರ ಸಂಸತ್ ಚುನಾವಣೆಯಲ್ಲಿ ಅದ್ಭುತವಾಗಿ ಜಾರಿ ಮಾಡಿತು. ಆದರೆ 2014ರ ಸ್ಥಳೀಯ ಚುನಾವಣೆಯಲ್ಲಿ ಧಾರ್ಮಿಕ ಕೇಂದ್ರವಾದ ತೂಬಾದಿಂದ ಗಂಡಸರೇ ತುಂಬಿದ ಪಟ್ಟಿ ಬಂದಾಗ ಸುಮ್ಮನಾಯಿತು. ಕಾನೂನಿಗೆ ತೂತು ಬಿದ್ದದ್ದು ಅಲ್ಲಿ.

ಇದನ್ನು ಬರೆಯುವ ನಾವು ಎತ್ತರದಲ್ಲಿ ನಿಂತು ಮಾತಾಡುತ್ತಿಲ್ಲ. 2023ರಲ್ಲಿ ಕರ್ನಾಟಕ ವಿಧಾನಸಭೆಯ 224 ಸ್ಥಾನಗಳಲ್ಲಿ ಗೆದ್ದ ಹೆಂಗಸರು 10, ನಿಮ್ಮ ಕ್ಷೇತ್ರಗಳ ಪ್ರಮಾಣಕ್ಕಿಂತ ಕಡಿಮೆ. ಅದೇ ವರ್ಷ ಭಾರತದ ಸಂಸತ್ತು ಶಾಸನಸಭೆಗಳಲ್ಲಿ ಹೆಂಗಸರಿಗೆ ಮೂರನೇ ಒಂದು ಪಾಲು ಮೀಸಲಿಡುವ 106ನೇ ತಿದ್ದುಪಡಿ ಮಾಡಿದಾಗ ಜನಗಣತಿಯೂ ಕ್ಷೇತ್ರ ಮರುವಿಂಗಡಣೆಯೂ ಆದ ಮೇಲೆ ಜಾರಿ ಎಂದು ಬರೆಯಿತು. ಆದರೆ ಕೆಳಹಂತದಲ್ಲಿ ನಮ್ಮಲ್ಲಿ ಒಂದು ದೀರ್ಘ ಅನುಭವವಿದೆ. ಕರ್ನಾಟಕ 1987ರಲ್ಲೇ ಮಂಡಲ ಪಂಚಾಯಿತಿಗಳಲ್ಲಿ ನಾಲ್ಕನೇ ಒಂದು ಪಾಲು ಹೆಂಗಸರಿಗಿಟ್ಟಿತು, ಈಗ ಪಂಚಾಯಿತಿಗಳಲ್ಲಿ ಅರ್ಧ. ಇಲ್ಲಿ ಮೀಸಲಾಗುವುದು ವಾರ್ಡೇ, ಹಾಗಾಗಿ ಗೆದ್ದವಳಿಗೆ ಮತದಾರರಿದ್ದಾರೆ, ಊರಿನ ನೀರು ಚರಂಡಿಗೆ ಅವಳನ್ನೇ ಕೇಳುತ್ತಾರೆ. ಕೆಡುವುದು ಎರಡು ಕಡೆ: ಅಧ್ಯಕ್ಷೆಯ ಕುರ್ಚಿಯಲ್ಲಿ ಗಂಡ ಕೂತು ಆಡಳಿತ ನಡೆಸುವುದು, ಸರದಿ ಬದಲಾಗಿ ವಾರ್ಡ್ ಸಾಮಾನ್ಯವಾದ ಕೂಡಲೇ ಕೆಲಸ ಕಲಿತವಳಿಗೆ ಟಿಕೆಟ್ ತಪ್ಪುವುದು. ನಿಮ್ಮ ಕೌಂಟಿಗಳಲ್ಲಿ ವಾರ್ಡ್ ಮೀಸಲು ಮಾಡುವ ಚರ್ಚೆ ಬಂದಾಗ ಒಂದೇ ವಾರ್ಡ್ ಎರಡು ಅವಧಿಗೆ ಮೀಸಲಿರಲಿ, ಸಭೆಯ ಹಾಜರಿಯಲ್ಲಿ ಸದಸ್ಯೆಯ ಬದಲು ಯಾರೂ ಕೂರದಿರಲಿ ಎಂಬುದು ಇಲ್ಲಿನ ಅನುಭವದಿಂದ ಹೇಳಬಹುದಾದ ಮಾತು.

ಗೆದ್ದು ಬಂದವರಿಗೆ ಸದನದೊಳಗಾದರೂ ಜಾಗವಿರಲಿ. 2019ರ ಆಗಸ್ಟ್‌ನಲ್ಲಿ ಕ್ವಾಲೆ ಕೌಂಟಿಯ ಮಹಿಳಾ ಪ್ರತಿನಿಧಿ ಜುಲೇಖಾ ಹಸನ್ ಎಳೆಗೂಸನ್ನು ಎತ್ತಿಕೊಂಡು ಸದನಕ್ಕೆ ಬಂದಾಗ ಅವರನ್ನು ಹೊರಗೆ ಕಳಿಸಲಾಯಿತು.

ಕಾಲ ಹೆಚ್ಚಿಲ್ಲ. ಪಕ್ಷಗಳ ಒಳಚುನಾವಣೆ ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ, ಅದಕ್ಕೂ ತಿಂಗಳುಗಳ ಮುಂಚೆ ಹಿರಿಯರ ಸಭೆಗಳು. ಟಿಕೆಟ್ ಕುರಿತ ಕಲಂ ಅದಕ್ಕೆ ಮುಂಚೆ ಗೆಜೆಟ್‌ನಲ್ಲಿ ಬರಬೇಕು, ಕೊನೆಗಳಿಗೆಯಲ್ಲಿ ತಂದರೆ 2022ರಂತೆಯೇ ತಡೆ ಬೀಳುತ್ತದೆ. ಆಯೋಗ ಪ್ರತಿ ಪಕ್ಷದ ಕ್ಷೇತ್ರಗಳ ಮೂರು ಕಟ್ಟುಗಳನ್ನು ಈಗಿಂದಲೇ 2022ರ ಫಲಿತಾಂಶದ ಆಧಾರದ ಮೇಲೆ ಸಿದ್ಧಪಡಿಸಿ ಪ್ರಕಟಿಸಬಹುದು, ಅದಕ್ಕೆ ಹೊಸ ಕಾನೂನು ಬೇಕಿಲ್ಲ. ನಾಮಪತ್ರ ಮುಗಿದ ದಿನ ಯಾವ ಪಕ್ಷ, ಯಾವ ಕಟ್ಟು, ಎಷ್ಟು ಹೆಂಗಸರು ಎಂಬ ಒಂದು ಪುಟದ ಪಟ್ಟಿಯನ್ನು ಪ್ರತಿ ಕೌಂಟಿ ಕಚೇರಿಯ ಗೋಡೆಗೆ ಅಂಟಿಸಿ. ಮತ ಹಾಕುವವರು ಅದನ್ನು ಓದಲಿ.

ಇಂತು,
ಮಹಿಳಾ ಪ್ರಾತಿನಿಧ್ಯ ಮತ್ತು ಚುನಾವಣಾ ಪದ್ಧತಿಗಳ ಅಭ್ಯಾಸದಲ್ಲಿ ತೊಡಗಿರುವ ಕನ್ನಡಿಗರು